ಮೇಲಿನ ಕೆರೆಯ ದಾರಿ

ನಮ್ಮೂರಲ್ಲಿ ಎಲೆ ಉದುರುವ ಇಪ್ಪತ್ತೊಂದು ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಮನೆಗೆ ಸುಣ್ಣ ಬಳಿಸುವುದಿಲ್ಲ, ದೂರದ ನೆಂಟರ ಮನೆಗೆ ಹೋಗುವುದಿಲ್ಲ. ಎಲ್ಲರಿಗೂ ಕಾಡಿನಲ್ಲಿ ನಡೆಯುವ ಕೆಲಸವಿರುತ್ತದೆ. ಬೇರೆ ಕಡೆ ಎಲೆ ಉದುರುವುದು ಚಳಿಗಾಲದ ಕೊನೆಗಂತೆ. ನಮ್ಮಲ್ಲಿ ಮಹಾನವಮಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ತೇಗ, ಮತ್ತಿ, ಹೊನ್ನೆ ಎಲ್ಲವೂ ಒಟ್ಟಿಗೆ ಹಳದಿಗೆ ತಿರುಗಿ, ಒಂದು ಬೆಳಗ್ಗೆ ಗಾಳಿಯೇ ಇಲ್ಲದೆ ಉದುರಲು ಶುರುಮಾಡುತ್ತವೆ. ಅವತ್ತಿನಿಂದ ಲೆಕ್ಕ. ಆ ಇಪ್ಪತ್ತೊಂದು ದಿನವೂ ದಿನಕ್ಕೆ ಒಬ್ಬರಾದರೂ ತುದಿ ಮುಟ್ಟಿ ಬಂದ ದಾರಿ ವರ್ಷವಿಡೀ ಉಳಿಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಆ ದಾರಿ ಇರುವುದಿಲ್ಲ. ಅದಿದ್ದಲ್ಲಿ ಮರಗಳು ನಿಂತಿರುತ್ತವೆ, ಬುಡಕ್ಕೆ ಪಾಚಿ ಹಿಡಿದು, ಪೊಟರೆಯಲ್ಲಿ ಗಿಣಿಗಳ ಸಂಸಾರ ಇಟ್ಟುಕೊಂಡು, ಯಾವತ್ತೂ ಅಲ್ಲೇ ಇದ್ದ ಹಾಗೆ.

ಊರಿನ ಬೆನ್ನಿಗೇ ಹತ್ತಿಕೊಂಡಿರುವ ಈ ಕಾಡಿಗೆ ಯಾರೋ ಹಿಂದೆ ಒಂದು ಗೇಟು ಕೂರಿಸಿ, ನಾಲ್ಕು ಕಲ್ಲುಬೆಂಚು ಹಾಕಿ ಪಾರ್ಕು ಎಂದು ಹೆಸರಿಟ್ಟರು. ನಾವೂ ಹಾಗೇ ಕರೆಯುತ್ತೇವೆ. ಗೇಟಿನಲ್ಲಿ ಕೂತು ಪಾಳಿಪಟ್ಟಿ ನೋಡಿಕೊಳ್ಳುವವರು ಗೌರಾಬಾಯಿ. ಮೊದಲು ಅಂಚೆ ಕಚೇರಿಯಲ್ಲಿದ್ದವರು, ಈಗ ಎಂಬತ್ತರ ಹತ್ತಿರ. ಯಾವ ದಿನ ಯಾವ ದಾರಿಗೆ ಯಾರು ಎಂದು ಅವರ ಪಟ್ಟಿಯಲ್ಲಿ ಇರುತ್ತದೆ. ಆ ದಿನಗಳಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವರು ಗೇಟು ದಾಟುವ ಹಾಗಿಲ್ಲ.

ಇದನ್ನೆಲ್ಲ ಕೇಳಿದವರು ನಮ್ಮನ್ನು ಕಂಡು ಮರುಗಬಾರದು. ವರ್ಷದಲ್ಲಿ ನಾವು ಕಾಯುವುದೇ ಆ ದಿನಗಳಿಗೆ. ಡಾಕ್ಟರು ಹಕ್ಕಿಬಂಡೆಯ ದಾರಿಯಲ್ಲಿ ನಡೆಯುತ್ತಲೇ ರೋಗಿಗಳ ನಾಡಿ ನೋಡುತ್ತಾರೆ. ಮಾತುಕತೆ ಮುಗಿದು ಮದುವೆ ಆಗಬೇಕಾದ ಜೋಡಿಗೆ ಗೌರಾಬಾಯಿ ಉದ್ದನೆಯ ದಾರಿಯನ್ನೇ ಬರೆಯುತ್ತಾರೆ. ಮೊಣಕಾಲುದ್ದ ಎಲೆಯಲ್ಲಿ ಸೈಕಲ್ ಹೊಡೆಯುವವರು, ಹುಣಸೆಕೊಂಬೆಗೆ ಹಗ್ಗ ಕಟ್ಟಿ ಜೋಕಾಲಿ ಆಡುವವರು, ಬಯಲಲ್ಲಿ ಚಾದರ ಹಾಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಿಚ್ಚಿ ಕೂರುವವರು. ಮಧ್ಯಾಹ್ನದ ಬಿಸಿಲು ಬೋಳು ಕೊಂಬೆಗಳಿಂದ ನೇರ ನೆಲಕ್ಕೆ ಇಳಿಯುತ್ತದೆ. ಕಾಡಿನೊಳಗೆ ಅಷ್ಟು ಬೆಳಕು ಬೇರೆ ಯಾವ ತಿಂಗಳಲ್ಲೂ ಇರುವುದಿಲ್ಲ.

ನಾನು ಸಾವಂತ್ರಿ. ಮೂವತ್ತೆರಡು ವರ್ಷ ಊರ ಶಾಲೆಯಲ್ಲಿ ಆಟ ಕಲಿಸಿದೆ. ಎಲ್ಲರಿಗೂ ನಾನು ಆಟದ ಅಕ್ಕೋರು. ಖೋಖೋ, ಉದ್ದಜಿಗಿತ, ಅದಕ್ಕಿಂತ ಹೆಚ್ಚಾಗಿ ಈಜು. ಪಾರ್ಕಿನ ಒಳಗೆ ಎರಡು ಗಂಟೆ ನಡೆದರೆ ಸಿಗುತ್ತಿದ್ದ ಮೇಲಿನ ಕೆರೆಯಲ್ಲಿ ಊರಿನ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಕೈಕಾಲು ಬಡಿಯಲು ಕಲಿಸಿದವಳು ನಾನು. ಒಂಬತ್ತು ವರ್ಷದ ಹಿಂದೆ ಆ ಕೆರೆಯ ದಾರಿ ಮುಚ್ಚಿಹೋಯಿತು. ಹದಿನೇಳನೆಯ ದಿನದ ಪಾಳಿಯವನು ಹೋಗಲಿಲ್ಲ. ಪಟ್ಟಿಯಲ್ಲಿ ಆ ದಿನಕ್ಕಿದ್ದ ಹೆಸರು ಸೈಕಲ್ ರಿಪೇರಿಯ ದ್ಯಾಮಣ್ಣನದು.

ನಿಜ ಹೀಗಿದೆ. ಹಿಂದಿನ ದಿನ ಸಂಜೆ ದ್ಯಾಮಣ್ಣ ನಮ್ಮ ಮನೆಗೆ ಬಂದಿದ್ದ. ಹೆಂಡತಿಗೆ ಜ್ವರ ಏರಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಪಾಳಿ ಬದಲು ಮಾಡಿಕೊಳ್ಳೋಣವೇ ಎಂದು ಕೇಳಿದ. ಅದಕ್ಕೇನು, ನಾನು ಹೋಗುತ್ತೇನೆ ಎಂದೆ. ಹೋದೆ ಕೂಡ. ಅರ್ಧ ದಾರಿಯಲ್ಲಿ ಒಂದು ಇಳಿಜಾರು. ಅಲ್ಲಿ ಹೊನ್ನೆಯ ಎಲೆ ಹಾಸಿಗೆಯ ಹಾಗೆ ಬಿದ್ದಿತ್ತು, ಬಿಸಿಲು ಹದವಾಗಿತ್ತು. ಕೂತು ಶೇಂಗಾ ತಿಂದೆ. ಮರಕುಟಿಗ ಎಲ್ಲೋ ಕುಟ್ಟುತ್ತಿತ್ತು. ಐದು ನಿಮಿಷ ಎಂದು ಬೆನ್ನು ಚಾಚಿದೆ. ಎಚ್ಚರವಾದಾಗ ಹೊತ್ತು ಮುಳುಗುತ್ತಿತ್ತು. ಯಾರಾದರೂ ಕೆರೆಯಲ್ಲಿ ಈಜಲು ಹೋಗಿ ಬಂದಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಅವತ್ತು ಯಾರೂ ಹೋಗಿರಲಿಲ್ಲ.

ಮರುದಿನ ಬೆಳಗ್ಗೆ ಗೇಟಿನಲ್ಲಿ ಊರೇ ಸೇರಿತ್ತು. ದ್ಯಾಮಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗೌರಾಬಾಯಿ ನನ್ನ ಕಡೆ ತಿರುಗಿ ಕೇಳಿದರು, ಪಾಳಿ ಬದಲಾಗಿತ್ತೇನು ಎಂದು. ನನ್ನ ಹಿಂದೆ ಶಾಲೆಯ ಹುಡುಗಿಯರು ಸಾಲಾಗಿ ನಿಂತಿದ್ದರು. ನೆನಪಿಲ್ಲ ಎಂದೆ. ಅಷ್ಟೇ ಸಾಕಾಯಿತು. ಸೈಕಲ್ ರಿಪೇರಿಯವನ ಮಾತಿಗಿಂತ ಅಕ್ಕೋರ ಮಾತು ದೊಡ್ಡದಾಗಿತ್ತು. ದ್ಯಾಮಣ್ಣನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅವನು ನನ್ನನ್ನು ಒಮ್ಮೆ ನೋಡಿ ಹೊರಟುಹೋದ. ಅಂದಿನಿಂದ ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಗೇಟಿನ ಹೊರಗೆ ಪಂಪು, ಟ್ಯೂಬು ಇಟ್ಟುಕೊಂಡು ಕೂರುತ್ತಿದ್ದ. ಒಳಗೆ ಹೋಗುವವರ ಸೈಕಲ್ಲಿಗೆಲ್ಲ ಗಾಳಿ ಹಾಕುತ್ತಿದ್ದ. ನಾನೂ ದಿನವೂ ಅವನ ಮುಂದೆಯೇ ಹಾದುಹೋಗುತ್ತಿದ್ದೆ.

ಈ ವರ್ಷ ಜೂನಿನಲ್ಲಿ ನಾನು ನಿವೃತ್ತಳಾದೆ. ಎಲೆ ಉದುರಲು ಶುರುವಾದ ಮೊದಲ ಬೆಳಗ್ಗೆ ಗೇಟಿನ ಬಳಿ ದ್ಯಾಮಣ್ಣನ ಮಗಳು ಮತ್ತು ಹೊಸ ಅಳಿಯ ಬಂದಿದ್ದರು. ಅಳಿಯನಿಗೆ ನಮ್ಮೂರ ಕಾಡು ಹೊಸದು, ಪಟ್ಟಿಯಲ್ಲಿ ಅವನ ಹೆಸರೂ ಹೊಸದು. ತಲೆಯ ಮೇಲೆ ಎಲೆ ಬಿದ್ದದ್ದಕ್ಕೇ ಖುಷಿಯಾಗಿ ನಗುತ್ತಿದ್ದ.

"ಮಾವಾ, ನೀವೂ ಬರ್ರಿ. ಒಂದ ಸುತ್ತು ಹೋಗಿ ಬರೂಣು," ಎಂದ.

"ನನಗ ಕೆಲಸ ಐತ್ರಿ ಅಳಿಯಂದಿರ. ನೀವು ಹೋಗಿ ಬರ್ರಿ," ಎಂದ ದ್ಯಾಮಣ್ಣ.

ಅವನ ಮುಂದೆ ಒಂದು ಸೈಕಲ್ಲೂ ಇರಲಿಲ್ಲ. ಮಗಳು ತಲೆ ತಗ್ಗಿಸಿ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ನಾನು ಐದಾರು ಹೆಜ್ಜೆ ಹಿಂದೆ ಇದ್ದೆ. ಅಲ್ಲೇ, ಆ ಎಲೆಯ ಸದ್ದಿನ ನಡುವೆ ನಿಂತು, ಕೆರೆಯ ದಾರಿಯನ್ನು ನಾನೇ ತೆರೆಯುತ್ತೇನೆ ಎಂದು ತೀರ್ಮಾನಿಸಿದೆ. ಹೊಸ ದಾರಿ ತೆರೆದವರನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಇದ್ದ ದಾರಿ ಉಳಿಸಿಕೊಳ್ಳುವುದಷ್ಟೇ ನಮಗೆ ಗೊತ್ತು. ಆದರೆ ಇರುವ ದಾರಿಗಳನ್ನೂ ಯಾರೋ ಒಮ್ಮೆ ತೆರೆದೇ ಇರಬೇಕಲ್ಲ. ದಾರಿ ತೆರೆದರೆ ಎಲ್ಲವೂ ಸರಿಹೋಗುತ್ತದೆ, ಹಳೆಯದನ್ನು ಯಾರೂ ಕೆದಕುವುದಿಲ್ಲ ಎಂಬ ಆಸೆಯೂ ಆಗ ನನ್ನಲ್ಲಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಗೌರಾಬಾಯಿಗೆ ಹೇಳಿದೆ. ಕನ್ನಡಕದ ಮೇಲಿಂದ ನೋಡಿದರು.

"ಅರವತ್ತಾತು ನಿನಗ. ಮೊಣಕಾಲು ಗಟ್ಟಿ ಅದಾವೇನು?"

"ಇಪ್ಪತ್ತೊಂದು ದಿನಕ್ಕ ಸಾಕಾಗುವಷ್ಟು ಅದಾವ್ರಿ."

ಅವರು ಪಟ್ಟಿಯ ಕೊನೆಗೆ ಒಂದು ಗೆರೆ ಎಳೆದು, ಅದರ ಮುಂದೆ ನನ್ನ ಹೆಸರನ್ನು ಬರೆದರು. ದಿನಕ್ಕೊಂದರಂತೆ ಇಪ್ಪತ್ತೊಂದು ಮನೆಗಳಲ್ಲೂ ಅದೇ ಹೆಸರು.

ಹಳೆಯ ದಾರಿ ಎಲ್ಲಿ ಶುರುವಾಗುತ್ತಿತ್ತೋ ಅಲ್ಲಿ ಈಗ ಮತ್ತಿಮರಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಮೊದಲ ದಿನ ಅಡ್ಡಡ್ಡ ತಿರುಗಿ, ಚೀಲ ತಲೆಯ ಮೇಲಿಟ್ಟು, ನೂರು ಹೆಜ್ಜೆ ಒಳಗೆ ಹೋದೆ. ಆಮೇಲೆ ಕೈ ತೂರಿಸಲೂ ಸಂದು ಇರಲಿಲ್ಲ. ಅಲ್ಲೇ ಒಂದು ಕಾಂಡವನ್ನು ಅಂಗೈಯಿಂದ ಮುಟ್ಟಿ ವಾಪಸು ಬಂದೆ. ಎರಡನೆಯ ದಿನ ಹೋದಾಗ ಆ ನೂರು ಹೆಜ್ಜೆ ಬಿಟ್ಟುಕೊಟ್ಟಿತ್ತು, ಒಬ್ಬರು ಕೈಬೀಸಿ ನಡೆಯುವಷ್ಟು. ಅದರಾಚೆ ಮತ್ತೆ ಅಡ್ಡಡ್ಡ, ಮತ್ತೆ ಇನ್ನೂರು ಹೆಜ್ಜೆ. ಹೀಗೆ ದಿನಕ್ಕೆ ಒಂದು ಪಾಲು. ಬಲ ಹಾಕಿದರೆ ಕಾಡು ಒಂದಿಂಚೂ ಬಿಡುತ್ತಿರಲಿಲ್ಲ. ಉಸಿರು ಬಿಟ್ಟು ಮೈ ಸಣ್ಣ ಮಾಡಿಕೊಂಡರೆ ಬಿಡುತ್ತಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಜೋರು ಜೋರು ಎಂದು ಕೂಗಿದವಳಿಗೆ ಅದನ್ನು ಕಲಿಯಲು ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ಸೋನೆ ಹಿಡಿಯಿತು. ಒದ್ದೆ ಎಲೆ ಜಾರುತ್ತಿತ್ತು. ಒಂಬತ್ತನೆಯ ದಿನ ಮೈ ಬೆಚ್ಚಗಿತ್ತು, ಮೆಣಸಿನ ಕಷಾಯ ಕುಡಿದು ಹೊರಟೆ. ಹನ್ನೊಂದರಂದು ಎದುರಿಗೆ ಗೋಡೆಯ ಹಾಗೆ ಬಂಡೆ ಬಂತು. ಸುತ್ತ ಎಲ್ಲೂ ಸಂದಿಲ್ಲ. ಬಂಡೆಗೆ ಒರಗಿ ಕೂತು ಬಹಳ ಹೊತ್ತು ಮೇಲೆ ನೋಡಿದೆ. ಎಲೆಗಳು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಬಂಡೆಯ ಎಡ ಮಗ್ಗುಲಿಗೆ ಬೀಳುತ್ತಿದ್ದವು. ಬಿದ್ದವು ಅಲ್ಲಿ ನಿಲ್ಲದೆ ಮೆಲ್ಲಗೆ ಕೆಳಗೆ ಹೋಗುತ್ತಿದ್ದವು. ಎದ್ದು ಹೋಗಿ ನೋಡಿದರೆ ಎಲೆಯ ಅಡಿಯಲ್ಲಿ ಒಂದು ಸಣ್ಣ ಹಳ್ಳ, ಪಾದ ಮುಳುಗುವಷ್ಟು ನೀರು. ನೀರು ಹರಿಯುವಲ್ಲಿ ಮರ ನಿಂತಿರಲಿಲ್ಲ. ಬೂಟು ಕೈಯಲ್ಲಿ ಹಿಡಿದು ಹಳ್ಳದೊಳಗೇ ನಡೆದು ಬಂಡೆ ದಾಟಿದೆ. ಅವತ್ತು ಆಚೆ ದಡದಲ್ಲಿ ಬುತ್ತಿ ಬಿಚ್ಚಿ ತಿಂದ ರೊಟ್ಟಿಯ ರುಚಿಯನ್ನು ನಾನು ಯಾರಿಗೂ ವಿವರಿಸಲಾರೆ.

ದಿನ ಕಳೆದಂತೆ ಊರವರಿಗೆ ವಿಷಯ ಗೊತ್ತಾಯಿತು. ಸಂಜೆ ಗೇಟಿನಲ್ಲಿ ನನ್ನನ್ನು ಕಾಯುವವರು ಹೆಚ್ಚಾದರು. ಹಳೆಯ ಶಿಷ್ಯೆಯರು ಮಕ್ಕಳನ್ನು ಎತ್ತಿಕೊಂಡು ಬಂದು ಇವತ್ತು ಎಲ್ಲಿಯವರೆಗೆ ಅಕ್ಕೋರ ಎಂದು ಕೇಳುತ್ತಿದ್ದರು. ಹದಿನಾಲ್ಕನೆಯ ದಿನ ಬೆಳ್ಳಕ್ಕಿ ಸಾಲು ತಲೆಯ ಮೇಲಿಂದ ಕೆರೆಯ ದಿಕ್ಕಿಗೆ ಹೋಯಿತು ಎಂದಾಗ ಚಪ್ಪಾಳೆ ತಟ್ಟಿದರು. ದ್ಯಾಮಣ್ಣ ಮಾತ್ರ ಚೈನಿಗೆ ಎಣ್ಣೆ ಬಿಡುತ್ತ ತನ್ನ ಪಾಡಿಗೆ ಇದ್ದ. ಹದಿನಾರರ ಸಂಜೆ ಅವನ ಮುಂದೆ ಹಾಯುವಾಗ, ತಲೆ ಎತ್ತದೆ ಹೇಳಿದ.

"ಬೂಟಿಗೆ ಕೆಮ್ಮಣ್ಣು ಹತ್ತೈತಿ. ನೀವು ದಿಬ್ಬದ ಬುಡಕ್ಕ ಬಂದೀರಿ. ಎಡಕ್ಕ ಹೋದ್ರ ಜವಳು, ಕಾಲು ಹುಗೀತಾವ. ಬಲಕ್ಕ ಹಿಡೀರಿ."

ಒಂಬತ್ತು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಮರುದಿನ ಬಲಕ್ಕೆ ಹಿಡಿದೆ. ಎಡಗಡೆ ನೆಲ ಕಪ್ಪಗೆ ಹೊಳೆಯುತ್ತಿತ್ತು. ಅವನ ಮಾತು ಕೇಳದೆ ಇದ್ದಿದ್ದರೆ ನನ್ನ ದಿನಗಳೆಲ್ಲ ಅಲ್ಲೇ ಹೂತುಹೋಗುತ್ತಿದ್ದವು. ದಿಬ್ಬ ಹತ್ತುವಾಗ ಕಾಲಿಗಿಂತ ಹೆಚ್ಚು ನೋಯುತ್ತಿದ್ದದ್ದು ಅದೇ.

ಹತ್ತೊಂಬತ್ತನೆಯ ದಿನ ಜೊಂಡಿನ ವಾಸನೆ ಬಂತು. ಇನ್ನೊಂದು ಪಾಲು ಅಷ್ಟೇ ಎಂದುಕೊಂಡು ತುದಿಯ ಮರವನ್ನು ಮುಟ್ಟಿ ತಿರುಗಿದೆ. ಇಳಿಯುವಾಗ ಎಲೆಯ ಕೆಳಗಿದ್ದ ಬೇರಿನ ಮೇಲೆ ಕಾಲಿಟ್ಟೆ. ಹಿಮ್ಮಡಿಯ ಮೇಲೆ ಏನೋ ಕಳಕ್ ಎಂದಿತು. ಒಂದು ಕೊಂಬೆ ಊರಿಕೊಂಡು, ಅಲ್ಲಲ್ಲಿ ಕೂತಲ್ಲೇ ಜಾರಿಕೊಂಡು, ಗೇಟು ಮುಟ್ಟುವ ಹೊತ್ತಿಗೆ ಸಂಜೆ ಐದಾಗಿತ್ತು. ಪಾದ ಕುಂಬಳದ ಹಾಗೆ ಊದಿತ್ತು. ಡಾಕ್ಟರು ಮುಟ್ಟಿ ನೋಡಿ, ಮುರಿದಿಲ್ಲ, ಆದರೆ ನಾಳೆ ನೆಲಕ್ಕೆ ಊರಬೇಡಿ ಎಂದು ಪಟ್ಟಿ ಬಿಗಿದರು. ಸುತ್ತ ಊರಿನ ಅರ್ಧ ಜನ ಇದ್ದರು.

"ಚಿಂತಿ ಮಾಡಬ್ಯಾಡ," ಎಂದರು ಗೌರಾಬಾಯಿ. "ನಾಳಿಗಿ ನನ್ನ ತಮ್ಮನ ಮಗನ್ನ ಕಳಸ್ತೀನಿ. ಗಟ್ಟಿ ಆಳು. ನಿನ್ನ ದಾರಿಗೆ ಏನೂ ಆಗೂದಿಲ್ಲ."

ಹೂಂ ಎಂದಿದ್ದರೆ ಮುಗಿದಿತ್ತು. ನಾಳೆ ಕೆರೆ ಸಿಗುತ್ತಿತ್ತು, ನಾಡಿದ್ದು ದಾರಿ ಉಳಿಯುತ್ತಿತ್ತು, ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಗೇಟಿನ ಆಚೆ ದ್ಯಾಮಣ್ಣ ಒಂದು ಚಕ್ರವನ್ನು ತಿರುಗಿಸಿ ಬೆಂಡು ನೋಡುತ್ತಿದ್ದ.

"ದ್ಯಾಮಣ್ಣ ಹೋಗಲಿ," ಎಂದೆ.

"ಅವನ ಹೆಸರು ಹೊಡದೈತಿ. ನಿನಗ ಗೊತ್ತಿಲ್ಲೇನು?"

"ಅವತ್ತು ಪಾಳಿ ಅವಂದಲ್ರಿ. ನಂದು. ಹಿಂದಿನ ದಿನ ಬಂದು ಬದಲು ಮಾಡಿಕೊಂಡಿದ್ದ. ನಾನು ಅರ್ಧ ದಾರಿಗೆ ಹೋಗಿ ಮಲಗಿಬಿಟ್ಟೆ."

ಯಾರೋ ಕೈಯಲ್ಲಿದ್ದ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟ ಸದ್ದು ಕೇಳಿಸಿತು. ಗೌರಾಬಾಯಿ ಕನ್ನಡಕ ತೆಗೆದರು.

"ನಾನು ನಿನ್ನ ಕೇಳಿದ್ದೆ, ಸಾವಂತ್ರಿ. ಇದೇ ಜಾಗಾದಾಗ ನಿಂತು ಕೇಳಿದ್ದೆ."

"ಹೌದ್ರಿ. ನೆನಪಿಲ್ಲ ಅಂದಿದ್ದೆ. ನೆನಪಿತ್ತು."

ನನ್ನ ಪಕ್ಕದಲ್ಲಿ ನಿಂತಿದ್ದ ಶಿಷ್ಯೆ ಒಬ್ಬಳು ನನ್ನ ಹೆಗಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದಳು. ದ್ಯಾಮಣ್ಣ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದ.

"ಇನ್ನೊಮ್ಮೆ ಹೇಳ್ರಿ ಅಕ್ಕೋರ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮೆತ್ತಗೂ ಇರಲಿಲ್ಲ. "ನನ್ನ ಮಗಳು ಅಲ್ಲಿ ಹಿಂದ ನಿಂತಾಳ. ಆಕಿಗೆ ಕೇಳಿಸಿಲ್ಲ."

ಬೆಂಚು ಹಿಡಿದು ಒಂಟಿಗಾಲಲ್ಲಿ ಎದ್ದು ನಿಂತೆ. ಮೈದಾನದ ಆ ತುದಿಗೆ ಕೇಳುವ ಹಾಗೆ ಮಾತಾಡುವುದು ನನಗೆ ಹೊಸದಲ್ಲ. ಮೊದಲಿನಿಂದ ಕೊನೆಯವರೆಗೆ, ಎಲೆಯ ಮೇಲೆ ಮಲಗಿದ್ದು, ಸುಳ್ಳು ಹೇಳಿದ್ದು, ಒಂಬತ್ತು ವರ್ಷ ಅವನ ಮುಂದೆಯೇ ತಲೆಯೆತ್ತಿ ಓಡಾಡಿದ್ದು, ಎಲ್ಲವನ್ನೂ ಮತ್ತೆ ಹೇಳಿದೆ. ಅವನ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳಿಯ ಮಾವನನ್ನೇ ನೋಡುತ್ತಿದ್ದ.

ಗೌರಾಬಾಯಿ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ಇಪ್ಪತ್ತನೆಯ ಮನೆಯಲ್ಲಿದ್ದ ನನ್ನ ಹೆಸರನ್ನು ಹೊಡೆದು ಅವನದನ್ನು ಬರೆದರು.

"ತಪ್ಪು ನಂದೂ ಐತಿ," ಎಂದರು ಅವನಿಗೆ. "ಕೇಳಬೇಕಾದಷ್ಟು ಕೇಳಲಿಲ್ಲ." ನನ್ನ ಕಡೆ ತಿರುಗಿ, "ಮುಂದಿನ ವರ್ಷದಿಂದ ಒಂಬತ್ತು ವರ್ಷ ನಿನ್ನ ಹೆಸರು ಇದರಾಗ ಇರೂದಿಲ್ಲ," ಎಂದರು.

"ಆಗಲಿ. ಇಪ್ಪತ್ತೊಂದನೇ ದಿನ ಒಂದು ಬಿಟ್ಟುಕೊಡ್ರಿ. ಶುರು ಮಾಡಿದ್ದನ್ನ ಮುಗಿಸ್ತೀನಿ."

ಅವರು ಆ ಕೊನೆಯ ಮನೆಯಲ್ಲಿದ್ದ ನನ್ನ ಹೆಸರನ್ನು ಹಾಗೇ ಬಿಟ್ಟು ಪಟ್ಟಿ ಮಡಚಿದರು. ದ್ಯಾಮಣ್ಣ ಹಳೆಯ ಬಟ್ಟೆಯಿಂದ ಕೈಗಳ ಎಣ್ಣೆ ಒರೆಸಿಕೊಂಡ. ಒಂದೊಂದೇ ಬೆರಳು ಒರೆಸಿದ.

"ಬೆಳಿಗ್ಗೆ ಗೇಟು ಎಷ್ಟಕ್ಕ ತಗೀತೀರಿ?" ಎಂದು ಗೌರಾಬಾಯಿಯನ್ನು ಕೇಳಿದ.

ಮರುದಿನ ಆರಕ್ಕೆ ಅವನು ಒಳಗೆ ಹೋಗುವಾಗ ನಾನು ಅಳಿಯನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಗೇಟಿಗೆ ಬಂದಿದ್ದೆ. ಮಾವನ ಪಂಪಿನ ಹತ್ತಿರ ಯಾರಾದರೂ ಕೂರಬೇಕು ಎಂದು ಹೇಳಿ ಆ ಹುಡುಗನೇ ನಮ್ಮ ಮನೆಗೆ ಬಂದಿದ್ದ. ದಿನವಿಡೀ ದ್ಯಾಮಣ್ಣನ ಗೋಣಿತಟ್ಟಿನ ಮೇಲೆ ಕಾಲು ಚಾಚಿ ಕೂತೆ. ಬಂದವರ ಸೈಕಲ್ಲಿಗೆ ಗಾಳಿ ಹಾಕಿದೆ. ಕೆಲವರು ಮಾತಾಡಿಸದೆ ಹೋದರು. ಒಬ್ಬಳು, ನಾನೇ ಈಜು ಕಲಿಸಿದವಳು, ನನ್ನನ್ನು ಕಂಡು ಸೈಕಲ್ಲನ್ನು ಹಾಗೇ ತಳ್ಳಿಕೊಂಡು ಹೋದಳು. ಅದು ಅವಳ ನ್ಯಾಯ. ಅಲ್ಲಿ ಕೂತಾಗ ಒಂದು ಗೊತ್ತಾಯಿತು. ಗೇಟಿನ ಹೊರಗಿನಿಂದ ಕಾಡು ಪೂರ್ತಿ ಕಾಣುತ್ತದೆ. ಬೀಳುವ ಒಂದೊಂದು ಎಲೆಯೂ ಕಾಣುತ್ತದೆ, ನಗುವಿನ ಸದ್ದೂ ಕೇಳುತ್ತದೆ. ಕಾಣದೆ ಇದ್ದಿದ್ದರೆ ಸುಲಭವಾಗುತ್ತಿತ್ತು.

ನಾಲ್ಕು ದಾಟಿದ ಮೇಲೆ ದ್ಯಾಮಣ್ಣ ಬಂದ. ಅಂಗಿ ಒಣಗಿತ್ತು, ತಲೆಗೂದಲು ಇನ್ನೂ ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಕಿವಿಯ ಹಿಂದೆ ಒಂದು ಎಳೆ ಹಸಿರು ಪಾಚಿ. ಗೇಟಿನಲ್ಲಿ ಕಾಯುತ್ತಿದ್ದವರು ಅದನ್ನು ನೋಡಿಯೇ ಕೆರೆ ಸಿಕ್ಕಿತೆಂದು ತಿಳಿದುಕೊಂಡರು. ಮಗಳು ಓಡಿಹೋಗಿ ಸೆರಗಿನಿಂದ ಅವನ ತಲೆ ಒರೆಸಿದಳು. ಮಗುವಿನ ಹಾಗೆ ತಲೆ ಬಗ್ಗಿಸಿ ಒರೆಸಿಸಿಕೊಂಡ.

ಇಪ್ಪತ್ತೊಂದನೆಯ ದಿನ ಡಾಕ್ಟರ ಮಾತು ಮೀರಿ ಹೊರಟೆ. ಪಾದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ, ಎರಡು ಕೋಲು ಊರಿಕೊಂಡು. ದ್ಯಾಮಣ್ಣ ಮುಂದೆ ನಡೆದ. ನನಗಾಗಿ ನಿಲ್ಲಲಿಲ್ಲ, ನಾನೂ ನಿಲ್ಲು ಎನ್ನಲಿಲ್ಲ. ಬೇರೆ ದಾರಿಗಳ ಪಾಳಿಯವರನ್ನು ಬಿಟ್ಟು ಊರೆಲ್ಲ ನಮ್ಮ ಹಿಂದೆ ಬರುತ್ತಿತ್ತು, ಬುತ್ತಿ, ಚಾದರ, ಕಂಕುಳಲ್ಲಿ ಮಕ್ಕಳು. ಮರಗಳಲ್ಲಿ ಎಣಿಸುವಷ್ಟೇ ಎಲೆ ಉಳಿದಿದ್ದವು. ಎರಡು ಗಂಟೆಯ ದಾರಿ ನನಗೆ ನಾಲ್ಕು ಗಂಟೆ ಹಿಡಿಯಿತು. ಕೊನೆಯ ದಿಬ್ಬ ಇಳಿದಾಗ ಕಾಡು ಒಮ್ಮೆಗೇ ಬಿಟ್ಟುಕೊಟ್ಟು, ಮುಂದೆ ಕೆರೆ ಇತ್ತು. ನೀರ ಮೇಲೆ ಹಳದಿ ಎಲೆ ತೇಲುತ್ತಿತ್ತು. ದ್ಯಾಮಣ್ಣ ಆಗಲೇ ನಡುನೀರಲ್ಲಿದ್ದ.

ಬಂದವರೆಲ್ಲ ದಡದಲ್ಲಿ ನಿಂತರು. ಹುಡುಗರು ಹುಡುಗಿಯರು ನೀರಿನ ಅಂಚಿಗೆ ಬಂದು ಅಲ್ಲೇ ಉಳಿದರು. ಒಂಬತ್ತು ವರ್ಷದಲ್ಲಿ ಬೆಳೆದ ಮಕ್ಕಳು, ಒಬ್ಬರಿಗೂ ಈಜು ಬಾರದು. ನನ್ನ ಕಡೆ ನೋಡಬೇಕೋ ಬೇಡವೋ ಎಂದು ತಾಯಂದಿರ ಮುಖ ನೋಡುತ್ತಿದ್ದರು. ನಾನು ಕೋಲುಗಳನ್ನು ದಡದಲ್ಲಿ ಬಿಟ್ಟು, ಸೀರೆಯನ್ನು ಕಚ್ಚೆ ಹಾಕಿ, ನೀರಿಗೆ ಇಳಿದೆ. ತಣ್ಣಗಿನ ನೀರು ಊದಿದ ಪಾದವನ್ನು ಹಿಡಿದುಕೊಂಡಿತು. ಸೊಂಟದವರೆಗೆ ಬಂದು ತಿರುಗಿ ನಿಂತೆ.

"ಬರ್ರಿ," ಎಂದೆ. "ಸಾಲಾಗಿ ಬರ್ರಿ. ಒಬ್ಬರ ಕೈ ಒಬ್ಬರು ಹಿಡೀರಿ."

ನಿನ್ನೆ ಸೈಕಲ್ ತಳ್ಳಿಕೊಂಡು ಹೋದವಳು ನನ್ನನ್ನು ನೋಡದೆಯೇ ತನ್ನ ಮಗಳ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಆ ಮಗು ಇಳಿಯಿತು. ಅದರ ಕೈ ಹಿಡಿದು ಇನ್ನೊಂದು, ಮತ್ತೊಂದು. ನನ್ನ ಬೆನ್ನ ಹಿಂದೆ ನೀರು ಕಲಕಿದ ಸದ್ದಾಯಿತು. ದ್ಯಾಮಣ್ಣ ನಡುನೀರಿನಿಂದ ಈಜಿ ಬಂದು, ನೆಲ ಒಮ್ಮೆಗೇ ಇಳಿಯುವ ಜಾಗದಲ್ಲಿ, ಎದೆಮಟ್ಟ ನೀರಿನಲ್ಲಿ ಕಾಲೂರಿ ನಿಂತ. ನನ್ನ ಕಡೆ ನೋಡಲಿಲ್ಲ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಮಕ್ಕಳಿಗೆ ಹೇಳಿದ.

"ಇಲ್ಲೀತನಕ ಬರ್ರಿ. ಇದರಾಚಿ ಬ್ಯಾಡ. ನಾ ಇಲ್ಲೇ ಇರ್ತೀನಿ."